ಟ್ರಸ್ ವಿಶ್ಲೇಷಣೆ

ಟ್ರಸ್ ವಿಶ್ಲೇಷಣೆ ಎಂಬುದು ಸಿವಿಲ್ ಎಂಜಿನಿಯರಿಂಗ್‌ನ ಅಂಗವಾದ ರಚನಾ ಶಾಸ್ತ್ರದ ಮೂಲಭೂತ ಲೆಕ್ಕಾಚಾರಗಳಲ್ಲಿ ಒಂದು. ನೇರವಾದ ಸರಳುಗಳನ್ನು ತ್ರಿಕೋನಗಳ ಸಾಲಾಗಿ ಜೋಡಿಸಿ, ತುದಿಗಳಲ್ಲಿ ಒಂದಕ್ಕೊಂದು ಬಂಧಿಸಿದ ಚೌಕಟ್ಟಿಗೆ ಟ್ರಸ್ ಎಂದು ಹೆಸರು. ರೈಲ್ವೆ ಸೇತುವೆ, ಕಾರ್ಖಾನೆಯ ಚಾವಣಿ, ವಿದ್ಯುತ್ ಗೋಪುರ, ಕ್ರೇನಿನ ತೋಳು ಮೊದಲಾದವು ಇದಕ್ಕೆ ಉದಾಹರಣೆಗಳು. ಚೌಕಟ್ಟಿನ ಮೇಲೆ ಹೊರೆ ಬಿದ್ದಾಗ ಪ್ರತಿಯೊಂದು ಸರಳಿನಲ್ಲಿ ಎಷ್ಟು ಬಲ ಹುಟ್ಟುತ್ತದೆ, ಆ ಬಲವು ಸರಳನ್ನು ಎಳೆಯುತ್ತದೆಯೋ ಅದುಮುತ್ತದೆಯೋ ಎಂಬುದನ್ನು ಕಂಡುಹಿಡಿಯುವುದೇ ಟ್ರಸ್ ವಿಶ್ಲೇಷಣೆಯ ಗುರಿ.

ಈ ಲೆಕ್ಕಕ್ಕೆ ಬೇಕಾದ ಗಣಿತ ಪ್ರೌಢಶಾಲೆಯ ಮಟ್ಟದ್ದು. ಪೈಥಾಗೊರಸ್ ಪ್ರಮೇಯ, ತ್ರಿಕೋನಮಿತಿಯ ಮೊದಲ ಪಾಠಗಳು ಮತ್ತು ಬಲಗಳ ಸಮತೋಲನದ ತತ್ತ್ವ ತಿಳಿದಿದ್ದರೆ ಸಾಕು. ಆದರೆ ಲೆಕ್ಕವು ಕೆಲವು ಊಹೆಗಳನ್ನು ಆಧರಿಸಿದೆ. ಆ ಊಹೆಗಳನ್ನು ಮರೆತಾಗ ಸರಿಯಾದ ಗಣಿತವೂ ತಪ್ಪು ಸೇತುವೆಗೆ ಕಾರಣವಾಗಬಲ್ಲದು. ಆದುದರಿಂದ ವಿಷಯವನ್ನು ಕಲಿಯಲು ಯಾವ ಪುಸ್ತಕ, ಯಾವ ಪಾಠ, ಯಾವ ತಂತ್ರಾಂಶವನ್ನು ಆರಿಸಿಕೊಳ್ಳಬೇಕು ಎಂಬುದೂ ಮುಖ್ಯವಾಗುತ್ತದೆ.

ಮೂಲ ತತ್ತ್ವ

ನಾಲ್ಕು ಸರಳುಗಳನ್ನು ಚೌಕವಾಗಿ ಜೋಡಿಸಿ ಮೂಲೆಗಳಿಗೆ ಒಂದೊಂದು ಮೊಳೆ ಹೊಡೆದರೆ, ಒಂದು ಮೂಲೆಯನ್ನು ತಳ್ಳಿದೊಡನೆ ಚೌಕವು ಓರೆಯಾಗುತ್ತದೆ. ಮೂರು ಸರಳುಗಳ ತ್ರಿಕೋನ ಹಾಗಾಗುವುದಿಲ್ಲ. ಮೂರು ಬಾಹುಗಳ ಉದ್ದ ನಿಗದಿಯಾದರೆ ತ್ರಿಕೋನದ ಆಕಾರವೂ ನಿಗದಿಯಾಗುತ್ತದೆ ಎಂಬ ರೇಖಾಗಣಿತದ ಸತ್ಯವೇ ಟ್ರಸ್ಸಿನ ಬಲಕ್ಕೆ ಮೂಲ.

ವಿಶ್ಲೇಷಣೆಗೆ ಮುನ್ನ ಸಾಮಾನ್ಯವಾಗಿ ನಾಲ್ಕು ಊಹೆಗಳನ್ನು ಮಾಡಿಕೊಳ್ಳಲಾಗುತ್ತದೆ.

• ಸರಳುಗಳು ಸಂಧಿಗಳಲ್ಲಿ ಘರ್ಷಣೆಯಿಲ್ಲದ ಕೀಲುಗಳಿಂದ ಸೇರಿವೆ.
• ಹೊರೆಗಳು ಸಂಧಿಗಳ ಮೇಲೆ ಮಾತ್ರ ಬೀಳುತ್ತವೆ. ಸರಳಿನ ನಡುವೆ ಬೀಳುವುದಿಲ್ಲ.
• ಪ್ರತಿ ಸಂಧಿಯಲ್ಲಿ ಸೇರುವ ಸರಳುಗಳ ನಡುಗೆರೆಗಳು ಒಂದೇ ಬಿಂದುವಿನಲ್ಲಿ ಕೂಡುತ್ತವೆ.
• ಸರಳುಗಳ ಸ್ವಂತ ತೂಕ ಅಲ್ಪವಾದುದು, ಇಲ್ಲವೆ ಅದನ್ನು ಸಂಧಿಗಳಿಗೆ ಹಂಚಲಾಗಿದೆ.

ಇವು ನಿಜವಾದರೆ ಸರಳಿನಲ್ಲಿ ಅದರ ಉದ್ದದ ದಿಕ್ಕಿನ ಬಲ ಮಾತ್ರ ಉಳಿಯುತ್ತದೆ. ಅದು ಎಳೆತವಾಗಿರಬಹುದು, ಇಲ್ಲವೆ ಎರಡು ತುದಿಗಳಿಂದ ಒಳಮುಖವಾಗಿ ಅದುಮುವ ಸಂಪೀಡನವಾಗಿರಬಹುದು. ವಾಸ್ತವದಲ್ಲಿ ಸಂಧಿಗಳನ್ನು ಗಸೆಟ್ ಎಂಬ ಉಕ್ಕಿನ ಫಲಕಗಳಿಗೆ ರಿವೆಟ್, ಬೋಲ್ಟ್ ಅಥವಾ ವೆಲ್ಡಿಂಗ್‌ನಿಂದ ಬಿಗಿಯಲಾಗುತ್ತದೆ, ಅವು ಕೀಲುಗಳಲ್ಲ. ತೆಳುವಾದ, ಉದ್ದನೆಯ ಸರಳುಗಳಲ್ಲಿ ಈ ವ್ಯತ್ಯಾಸದ ಪರಿಣಾಮ ಚಿಕ್ಕದಾದುದರಿಂದ ಮೊದಲ ಲೆಕ್ಕಕ್ಕೆ ಊಹೆ ಸಾಕಾಗುತ್ತದೆ.

ಸಮತಲದಲ್ಲಿರುವ ಟ್ರಸ್ಸಿನ ಪ್ರತಿ ಸಂಧಿಗೆ ಎರಡು ಸಮೀಕರಣಗಳು ದೊರೆಯುತ್ತವೆ: ಅಡ್ಡ ದಿಕ್ಕಿನ ಬಲಗಳ ಮೊತ್ತ ಸೊನ್ನೆ, ಲಂಬ ದಿಕ್ಕಿನ ಬಲಗಳ ಮೊತ್ತ ಸೊನ್ನೆ. ಆದಕಾರಣ ಸರಳುಗಳ ಸಂಖ್ಯೆಗೆ ಆಧಾರಗಳ ಪ್ರತಿಕ್ರಿಯಾಬಲಗಳ ಸಂಖ್ಯೆಯನ್ನು ಕೂಡಿಸಿದಾಗ ಸಂಧಿಗಳ ಸಂಖ್ಯೆಯ ಎರಡರಷ್ಟು ಬಂದರೆ, ಸಮತೋಲನದ ಸಮೀಕರಣಗಳಿಂದಲೇ ಎಲ್ಲ ಬಲಗಳನ್ನು ಕಂಡುಹಿಡಿಯಬಹುದು. ಮೊತ್ತ ಅದಕ್ಕಿಂತ ಕಡಿಮೆಯಾದರೆ ಚೌಕಟ್ಟು ಅಸ್ಥಿರ. ಹೆಚ್ಚಾದರೆ ಸರಳುಗಳು ಎಷ್ಟು ಹಿಗ್ಗುತ್ತವೆ, ಕುಗ್ಗುತ್ತವೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಎಣಿಕೆ ಸರಿಯಿದ್ದ ಮಾತ್ರಕ್ಕೆ ಟ್ರಸ್ ಸ್ಥಿರವೆಂದು ಹೇಳಲಾಗದು. ಒಂದು ಭಾಗದಲ್ಲಿ ಸರಳು ಹೆಚ್ಚಾಗಿ, ಮತ್ತೊಂದು ಭಾಗದಲ್ಲಿ ಬರಿಯ ಚೌಕ ಉಳಿದಿದ್ದರೂ ಮೊತ್ತ ಸರಿಯಾಗಿಯೇ ಬರಬಹುದು.

ಇತಿಹಾಸ

ಮರದ ಟ್ರಸ್‌ಗಳು ಲೆಕ್ಕಾಚಾರಕ್ಕಿಂತ ಬಹಳ ಹಿಂದಿನವು. ಇಟಲಿಯ ವಾಸ್ತುಶಿಲ್ಪಿ ಆಂಡ್ರಿಯಾ ಪಲ್ಲಾಡಿಯೊ 1570ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಟ್ರಸ್ ಸೇತುವೆಗಳ ಚಿತ್ರಗಳಿವೆ. ಆದರೆ ಬಡಗಿಗಳು ಅನುಭವದ ಬಲದಿಂದ ಸರಳಿನ ದಪ್ಪವನ್ನು ನಿರ್ಧರಿಸುತ್ತಿದ್ದರೇ ಹೊರತು ಲೆಕ್ಕದಿಂದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲುಮಾರ್ಗಗಳು ಹರಡಿದಾಗ, ಭಾರವಾದ ಮತ್ತು ಚಲಿಸುವ ಹೊರೆಗಳಿಗೆ ಆ ಅನುಭವ ಸಾಲದಾಯಿತು. ಅಮೆರಿಕದಲ್ಲಿ ವಿಲಿಯಂ ಹೌ 1840ರಲ್ಲಿಯೂ, ಥಾಮಸ್ ಮತ್ತು ಕ್ಯಾಲೆಬ್ ಪ್ರ್ಯಾಟ್ 1844ರಲ್ಲಿಯೂ ತಮ್ಮ ಟ್ರಸ್‌ಗಳಿಗೆ ಪೇಟೆಂಟ್ ಪಡೆದರು. ಇಂಗ್ಲೆಂಡಿನಲ್ಲಿ ಜೇಮ್ಸ್ ವಾರೆನ್ 1848ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಅಮೆರಿಕದ ಸ್ಕ್ವೈರ್ ವಿಪಲ್ 1847ರಲ್ಲಿ ಸೇತುವೆ ನಿರ್ಮಾಣದ ಬಗ್ಗೆ ಪ್ರಕಟಿಸಿದ ಪುಸ್ತಕವು ಟ್ರಸ್ಸಿನ ಬಲಗಳನ್ನು ಕ್ರಮವಾಗಿ ಲೆಕ್ಕಹಾಕಿದ ಮೊದಲ ಕೃತಿಗಳಲ್ಲಿ ಒಂದು. ಅದೇ ಕಾಲದಲ್ಲಿ ರಷ್ಯಾದ ಡಿ. ಐ. ಜುರಾವ್ಸ್ಕಿ ಸೇಂಟ್ ಪೀಟರ್ಸ್‌ಬರ್ಗ್–ಮಾಸ್ಕೋ ರೈಲುಮಾರ್ಗದ ಸೇತುವೆಗಳಿಗಾಗಿ ಸ್ವತಂತ್ರವಾಗಿ ಇದೇ ಕೆಲಸ ಮಾಡಿದನು. ಜರ್ಮನ್ ಭಾಷೆಯಲ್ಲಿ ಕಾರ್ಲ್ ಕುಲ್‌ಮನ್ ಮತ್ತು ಯೋಹಾನ್ ಶ್ವೇಡ್ಲರ್ 1851ರಲ್ಲಿ ತಮ್ಮ ವಿಶ್ಲೇಷಣೆಗಳನ್ನು ಪ್ರಕಟಿಸಿದರು. ಛೇದ ವಿಧಾನಕ್ಕೆ ಆಗಸ್ಟ್ ರಿಟರ್ ಹೆಸರು ಅಂಟಿಕೊಂಡಿದೆ. ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1864ರಲ್ಲಿ ಬಲಗಳನ್ನು ರೇಖಾಚಿತ್ರದಿಂದಲೇ ಅಳೆಯುವ ಕ್ರಮವನ್ನು ವಿವರಿಸಿದನು. ಇಟಲಿಯ ಲುಯಿಜಿ ಕ್ರೆಮೋನಾ ಮತ್ತು ಸ್ಕಾಟ್ಲೆಂಡಿನ ರಾಬರ್ಟ್ ಬೋ ಅದನ್ನು ಬಳಕೆಗೆ ಸುಲಭವಾಗಿಸಿದರು. 1950ರ ದಶಕದಲ್ಲಿ ಗಣಕಯಂತ್ರಗಳ ಜೊತೆಗೆ ಮ್ಯಾಟ್ರಿಕ್ಸ್ ವಿಧಾನ ಬೆಳೆಯಿತು. ಇಂದಿನ ತಂತ್ರಾಂಶಗಳೆಲ್ಲ ಅದನ್ನೇ ಅನುಸರಿಸುತ್ತವೆ.

ವಿಶ್ಲೇಷಣೆಯ ವಿಧಾನಗಳು

ಸಂಧಿ ವಿಧಾನ

ಈ ವಿಧಾನದಲ್ಲಿ ಒಂದೊಂದೇ ಸಂಧಿಯನ್ನು ಬಿಡಿಯಾಗಿ ತೆಗೆದುಕೊಂಡು ಅದರ ಮೇಲಿನ ಬಲಗಳ ಸಮತೋಲನವನ್ನು ಬರೆಯಲಾಗುತ್ತದೆ. ಎರಡಕ್ಕಿಂತ ಹೆಚ್ಚು ಅಜ್ಞಾತ ಬಲಗಳಿಲ್ಲದ ಸಂಧಿಯಿಂದ ಆರಂಭಿಸಬೇಕು.

ಹಂಚಿನ ಮನೆಯ ಚಾವಣಿಯನ್ನು ಹೋಲುವ ಸರಳ ತ್ರಿಕೋನವನ್ನು ತೆಗೆದುಕೊಳ್ಳಬಹುದು. ಬುಡದ ಅಗಲ 8 ಮೀಟರ್, ಎತ್ತರ 3 ಮೀಟರ್, ನೆತ್ತಿಯ ಮೇಲೆ 12 ಕಿಲೋನ್ಯೂಟನ್ ಹೊರೆ. ಒಂದು ಕಿಲೋನ್ಯೂಟನ್ ಎಂದರೆ ಸುಮಾರು 102 ಕಿಲೋಗ್ರಾಂ ತೂಕ. ಎರಡೂ ಬದಿ ಸಮನಾಗಿರುವುದರಿಂದ ಪ್ರತಿ ಗೋಡೆಯೂ 6 ಕಿಲೋನ್ಯೂಟನ್ ಹೊರುತ್ತದೆ. ಓರೆಸರಳಿನ ಉದ್ದ 5 ಮೀಟರ್. ಅದರ ಬಲದ ಐದರಲ್ಲಿ ಮೂರು ಪಾಲು ಲಂಬ ದಿಕ್ಕಿನದು. ಅದು 6ಕ್ಕೆ ಸಮನಾಗಬೇಕಾದರೆ ಓರೆಸರಳಿನಲ್ಲಿ 10 ಕಿಲೋನ್ಯೂಟನ್ ಸಂಪೀಡನ ಇರಬೇಕು. ಅದರ ಅಡ್ಡ ಪಾಲು ಐದರಲ್ಲಿ ನಾಲ್ಕು, ಅಂದರೆ 8. ಗೋಡೆಗಳನ್ನು ಹೊರಕ್ಕೆ ತಳ್ಳಲಿದ್ದ ಈ ಬಲವನ್ನು ಕೆಳಗಿನ ಅಡ್ಡಸರಳು 8 ಕಿಲೋನ್ಯೂಟನ್ ಎಳೆತದಿಂದ ತಡೆಹಿಡಿಯುತ್ತದೆ.

ಇದೇ ಚಾವಣಿಯ ಎತ್ತರವನ್ನು 1 ಮೀಟರಿಗೆ ಇಳಿಸಿದರೆ ಹೊರೆ ಬದಲಾಗದಿದ್ದರೂ ಓರೆಸರಳಿನ ಬಲ ಸುಮಾರು 24.7ಕ್ಕೂ, ಅಡ್ಡಸರಳಿನ ಬಲ 24 ಕಿಲೋನ್ಯೂಟನ್‌ಗೂ ಏರುತ್ತದೆ. ಚಪ್ಪಟೆಯಾದ ಟ್ರಸ್ ತನ್ನ ಸರಳುಗಳಿಂದ ಹೆಚ್ಚು ದುಡಿಮೆಯನ್ನು ಬೇಡುತ್ತದೆ ಎಂಬುದು ಈ ಸಣ್ಣ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಛೇದ ವಿಧಾನ

ನಡುವಿನ ಒಂದೆರಡು ಸರಳುಗಳ ಬಲ ಮಾತ್ರ ಬೇಕಾದಾಗ ಎಲ್ಲ ಸಂಧಿಗಳನ್ನೂ ದಾಟಿ ಹೋಗಬೇಕಾಗಿಲ್ಲ. ಟ್ರಸ್ಸನ್ನು ಕಲ್ಪನೆಯಲ್ಲಿ ಕತ್ತರಿಸಿ, ಒಂದು ತುಂಡಿನ ಸಮತೋಲನವನ್ನು ಮಾತ್ರ ಪರಿಶೀಲಿಸಬಹುದು. ಸಮತಲದಲ್ಲಿ ಮೂರು ಸಮೀಕರಣಗಳು ದೊರೆಯುವುದರಿಂದ ಸಾಮಾನ್ಯವಾಗಿ ಮೂರು ಸರಳುಗಳನ್ನು ಮೀರದಂತೆ ಕತ್ತರಿಸಲಾಗುತ್ತದೆ.

ಉದಾಹರಣೆಗೆ, 16 ಮೀಟರ್ ಉದ್ದ, 3 ಮೀಟರ್ ಎತ್ತರದ ಒಂದು ಪ್ರ್ಯಾಟ್ ಟ್ರಸ್. ಅದರ ಕೆಳಸಾಲಿನಲ್ಲಿ 4 ಮೀಟರಿಗೊಂದರಂತೆ ಕ, ಖ, ಗ, ಘ, ಚ ಎಂಬ ಐದು ಸಂಧಿಗಳಿವೆ. ಖ, ಗ, ಘಗಳ ನೇರ ಮೇಲೆ ಪ, ಫ, ಬ ಎಂಬ ಮೂರು ಸಂಧಿಗಳಿವೆ. ಕೆಳಸಾಲಿನ ನಾಲ್ಕು, ಮೇಲ್ಸಾಲಿನ ಎರಡು, ಮೂರು ಲಂಬಸರಳುಗಳು, ಕ-ಪ, ಚ-ಬ, ಪ-ಗ, ಬ-ಗ ಎಂಬ ನಾಲ್ಕು ಓರೆಸರಳುಗಳು – ಒಟ್ಟು 13 ಸರಳುಗಳು. ಇವಕ್ಕೆ ಆಧಾರಗಳ ಮೂರು ಪ್ರತಿಕ್ರಿಯಾಬಲಗಳನ್ನು ಕೂಡಿಸಿದರೆ 16, ಸಂಧಿಗಳು 8. ಎಣಿಕೆ ಸರಿಯಾಗಿದೆ.

ಖ, ಗ, ಘಗಳಲ್ಲಿ ತಲಾ 12 ಕಿಲೋನ್ಯೂಟನ್ ಹೊರೆಯಿದ್ದರೆ ಎರಡೂ ತುದಿಗಳಲ್ಲಿ ತಲಾ 18 ಪ್ರತಿಕ್ರಿಯಾಬಲ ಬರುತ್ತದೆ. ಖ ಮತ್ತು ಗ ನಡುವೆ ಕತ್ತರಿಸಿ ಎಡ ತುಂಡನ್ನು ಮಾತ್ರ ಪರಿಶೀಲಿಸಿದಾಗ ಹೀಗೆ ಕಂಡುಬರುತ್ತದೆ.

• ಪ ಬಿಂದುವಿನ ಸುತ್ತ ಮೊಮೆಂಟ್: 18 × 4 = 72. ಇದನ್ನು ಎತ್ತರ 3ರಿಂದ ಭಾಗಿಸಿದರೆ ಖ-ಗ ಸರಳಿನಲ್ಲಿ 24 ಕಿಲೋನ್ಯೂಟನ್ ಎಳೆತ.
• ಗ ಬಿಂದುವಿನ ಸುತ್ತ ಮೊಮೆಂಟ್: 18 × 8 – 12 × 4 = 96. ಇದನ್ನು 3ರಿಂದ ಭಾಗಿಸಿದರೆ ಪ-ಫ ಸರಳಿನಲ್ಲಿ 32 ಕಿಲೋನ್ಯೂಟನ್ ಸಂಪೀಡನ.
• ಲಂಬ ಬಲಗಳು: 18 – 12 = 6. ಇದನ್ನು ಹೊರಬೇಕಾದ ಪ-ಗ ಓರೆಸರಳಿನಲ್ಲಿ 10 ಕಿಲೋನ್ಯೂಟನ್ ಎಳೆತ.

ಉತ್ತರವನ್ನು ತಾಳೆ ನೋಡಲು ಬಳಸದೆ ಉಳಿದ ಸಮೀಕರಣವೊಂದಿದೆ. ಓರೆಸರಳಿನ ಅಡ್ಡ ಪಾಲು 8. ಅದಕ್ಕೆ 24 ಕೂಡಿಸಿದರೆ 32. ಮೇಲ್ಸರಳಿನ ಬಲವೂ ಅಷ್ಟೇ. ಹೀಗೆ ಲೆಕ್ಕವು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ.

ಶೂನ್ಯಬಲದ ಸರಳುಗಳು

ಮೇಲಿನ ಟ್ರಸ್ಸಿನಲ್ಲಿ ಫ ಸಂಧಿಯಲ್ಲಿ ಎರಡು ಅಡ್ಡಸರಳುಗಳೂ ಒಂದು ಲಂಬಸರಳೂ ಸೇರುತ್ತವೆ, ಅಲ್ಲಿ ಹೊರೆಯಿಲ್ಲ. ಲಂಬ ದಿಕ್ಕಿನಲ್ಲಿ ಎದುರು ನಿಲ್ಲುವ ಬಲವೇ ಇಲ್ಲದ ಕಾರಣ ಗ-ಫ ಸರಳಿನ ಬಲ ಸೊನ್ನೆ. ಇಂಥ ಸರಳು ವ್ಯರ್ಥವೆಂದು ಭಾವಿಸಬಾರದು. ಅದನ್ನು ತೆಗೆದರೆ ಫ ಸಂಧಿ ಮೇಲಕ್ಕೂ ಕೆಳಕ್ಕೂ ಅಲುಗುವಂತಾಗಿ, ಸಂಪೀಡನದಲ್ಲಿರುವ ಮೇಲ್ಸಾಲು ನಡುವೆ ಆಸರೆಯನ್ನು ಕಳೆದುಕೊಳ್ಳುತ್ತದೆ.

ರೇಖಾಚಿತ್ರ ಮತ್ತು ಮ್ಯಾಟ್ರಿಕ್ಸ್ ವಿಧಾನಗಳು

ರೇಖಾಚಿತ್ರ ವಿಧಾನದಲ್ಲಿ ಬಲಗಳನ್ನು ಅಳತೆಗೆ ಸರಿಯಾಗಿ ಗೆರೆಗಳಾಗಿ ಎಳೆದು ಬಹುಭುಜಾಕೃತಿ ಮುಚ್ಚುವಂತೆ ಮಾಡಲಾಗುತ್ತದೆ. ಈಗ ಅದರ ಬಳಕೆ ಕಡಿಮೆಯಾಗಿದ್ದರೂ, ಟ್ರಸ್ಸಿನ ಆಕಾರಕ್ಕೂ ಬಲಗಳ ಹಂಚಿಕೆಗೂ ಇರುವ ಸಂಬಂಧವನ್ನು ಕಣ್ಣಿಗೆ ಕಾಣಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಮ್ಯಾಟ್ರಿಕ್ಸ್ ವಿಧಾನದಲ್ಲಿ ಪ್ರತಿ ಸರಳಿನ ಬಿಗುವನ್ನು ಒಟ್ಟುಗೂಡಿಸಿ ಸಂಧಿಗಳ ಸರಿತವನ್ನು ಮೊದಲು ಕಂಡುಹಿಡಿದು, ಅನಂತರ ಬಲಗಳನ್ನು ಲೆಕ್ಕಹಾಕಲಾಗುತ್ತದೆ. ನೂರಾರು ಸರಳುಗಳಿರುವ ಟ್ರಸ್‌ಗಳಿಗೆ ಇದೇ ಅನುಕೂಲ.

ಲೆಕ್ಕದ ಮಿತಿಗಳು ಮತ್ತು ದುರಂತಗಳು

ಕೆನಡಾದ ಸೇಂಟ್ ಲಾರೆನ್ಸ್ ನದಿಗೆ ಕಟ್ಟಲಾಗುತ್ತಿದ್ದ ಕ್ವಿಬೆಕ್ ಸೇತುವೆ 1907ರ ಆಗಸ್ಟ್ 29ರಂದು ಕುಸಿದು 75 ಕಾರ್ಮಿಕರು ಸತ್ತರು. ವಿನ್ಯಾಸದ ಹಂತದಲ್ಲಿ ಮುಖ್ಯ ಅಂಕಣವನ್ನು 1,600 ಅಡಿಗಳಿಂದ 1,800 ಅಡಿಗಳಿಗೆ, ಅಂದರೆ ಸುಮಾರು 549 ಮೀಟರಿಗೆ, ಹೆಚ್ಚಿಸಲಾಗಿತ್ತು. ಆದರೆ ಸೇತುವೆಯ ಸ್ವಂತ ತೂಕವನ್ನು ಅದಕ್ಕೆ ತಕ್ಕಂತೆ ಸಕಾಲದಲ್ಲಿ ಮರುಲೆಕ್ಕ ಮಾಡಿರಲಿಲ್ಲ. ಸಂಪೀಡನದಲ್ಲಿದ್ದ ಕೆಳಸಾಲಿನ ಸರಳುಗಳು ಬಾಗತೊಡಗಿದ್ದುದು ಕೆಲವು ದಿನಗಳ ಮೊದಲೇ ಕಂಡುಬಂದಿದ್ದರೂ ಕೆಲಸ ನಿಲ್ಲಲಿಲ್ಲ. ಮರುನಿರ್ಮಾಣದ ವೇಳೆ 1916ರಲ್ಲಿ ನಡುವಿನ ಭಾಗ ನದಿಗೆ ಬಿದ್ದು ಮತ್ತೆ 13 ಮಂದಿ ಪ್ರಾಣ ಕಳೆದುಕೊಂಡರು. ಸೇತುವೆ 1917ರಲ್ಲಿ ಪೂರ್ಣಗೊಂಡಿತು.

ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಮಿಸಿಸಿಪಿ ನದಿಯ ಮೇಲಿದ್ದ ಹೆದ್ದಾರಿ ಸೇತುವೆ 2007ರ ಆಗಸ್ಟ್ 1ರಂದು ವಾಹನಗಳ ಸಮೇತ ಕುಸಿದು 13 ಮಂದಿ ಮರಣ ಹೊಂದಿದರು. ಅಲ್ಲಿ ಸೋತದ್ದು ಸರಳುಗಳಲ್ಲ, ಅವುಗಳನ್ನು ಕೂಡಿಸಿದ್ದ ಗಸೆಟ್ ಫಲಕಗಳು. ಅವುಗಳ ದಪ್ಪ ಇರಬೇಕಾದುದರ ಅರ್ಧದಷ್ಟು ಮಾತ್ರ ಇತ್ತೆಂದು ತನಿಖೆ ತಿಳಿಸಿತು. ಕಾಲಕ್ರಮದಲ್ಲಿ ಸೇತುವೆಗೆ ಸೇರಿಸಿದ ತೂಕ ಮತ್ತು ದುರಸ್ತಿಗಾಗಿ ಅಂದು ಮೇಲೆ ರಾಶಿ ಹಾಕಿದ್ದ ಸಾಮಗ್ರಿಗಳು ಆ ಫಲಕಗಳ ಶಕ್ತಿಯನ್ನು ಮೀರಿದವು.

ಈ ಎರಡು ಘಟನೆಗಳು ವಿದ್ಯಾರ್ಥಿಗಳಿಗೆ ಮೂರು ವಿಷಯಗಳನ್ನು ನೆನಪಿಸುತ್ತವೆ. ಮೊದಲನೆಯದಾಗಿ, ಹೊರೆಯ ಅಂದಾಜು ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಎರಡನೆಯದಾಗಿ, ಎಳೆತ ಮತ್ತು ಸಂಪೀಡನಗಳನ್ನು ಸಮನಾಗಿ ಕಾಣಬಾರದು. ಲಿಯೊನಾರ್ಡ್ ಆಯ್ಲರ್ 1744ರಲ್ಲಿ ತೋರಿಸಿದಂತೆ ತೆಳುವಾದ ಸರಳಿನ ಉದ್ದ ಇಮ್ಮಡಿಯಾದರೆ ಅದು ಬಾಗದೆ ಹೊರಬಲ್ಲ ಸಂಪೀಡನ ಕಾಲುಭಾಗಕ್ಕೆ ಇಳಿಯುತ್ತದೆ. ಮೂರನೆಯದಾಗಿ, ಕಾಗದದ ಮೇಲೆ ಚುಕ್ಕೆಯಾಗಿ ಕಾಣುವ ಸಂಧಿಯೂ ವಾಸ್ತವದಲ್ಲಿ ಲೆಕ್ಕಹಾಕಿಯೇ ಮಾಡಬೇಕಾದ ವಸ್ತು.

ಅಧ್ಯಯನ ಸಾಮಗ್ರಿಗಳು

ಪಠ್ಯಪುಸ್ತಕಗಳು

ಮೊದಲ ಬಾರಿಗೆ ಕಲಿಯುವವರು ನೇರವಾಗಿ ರಚನಾ ವಿಶ್ಲೇಷಣೆಯ ದೊಡ್ಡ ಗ್ರಂಥಗಳಿಗೆ ಹೋಗದೆ, ಸ್ಥಿತಿಶಾಸ್ತ್ರದ ಪುಸ್ತಕದಿಂದ ಆರಂಭಿಸುವುದು ರೂಢಿ. ಆರ್. ಸಿ. ಹಿಬ್ಲರ್, ಮೆರಿಯಂ ಮತ್ತು ಕ್ರೇಗ್, ಬಿಯರ್ ಮತ್ತು ಜಾನ್‌ಸ್ಟನ್ ಇವರ ಸ್ಥಿತಿಶಾಸ್ತ್ರದ ಪಠ್ಯಗಳಲ್ಲಿ ಸಂಧಿ ಮತ್ತು ಛೇದ ವಿಧಾನಗಳಿಗೆ ಬಿಡಿಸಿದ ಉದಾಹರಣೆಗಳೂ ಅಭ್ಯಾಸದ ಲೆಕ್ಕಗಳೂ ಇವೆ. ಮುಂದಿನ ಹಂತಕ್ಕೆ ಹಿಬ್ಲರ್‌ನ ರಚನಾ ವಿಶ್ಲೇಷಣೆಯ ಪುಸ್ತಕ, ಟಿಮೊಶೆಂಕೊ ಮತ್ತು ಯಂಗ್ ಬರೆದ ರಚನಾ ಸಿದ್ಧಾಂತದ ಗ್ರಂಥ ಉಪಯುಕ್ತ. ಭಾರತದ ಲೇಖಕರಲ್ಲಿ ಸಿ. ಎಸ್. ರೆಡ್ಡಿ ಮತ್ತು ಎಸ್. ಎಸ್. ಭಾವಿಕಟ್ಟಿಯವರ ಪುಸ್ತಕಗಳು ಕಾಲೇಜುಗಳಲ್ಲಿ ಬಳಕೆಯಲ್ಲಿವೆ. ಭಾವಿಕಟ್ಟಿಯವರು ಸುರತ್ಕಲ್ ಮತ್ತು ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬೋಧಿಸಿದವರು. ವಿಷಯದ ಚರಿತ್ರೆಯಲ್ಲಿ ಆಸಕ್ತಿಯುಳ್ಳವರಿಗೆ ಟಿಮೊಶೆಂಕೊ 1953ರಲ್ಲಿ ಪ್ರಕಟಿಸಿದ, ವಸ್ತುಬಲ ಶಾಸ್ತ್ರದ ಇತಿಹಾಸವನ್ನು ಕುರಿತ ಗ್ರಂಥ ನೆರವಾಗುತ್ತದೆ.

ಹೊರೆಗಳ ಅಂದಾಜಿಗೆ ಭಾರತೀಯ ಮಾನಕಗಳೇ ಆಧಾರ. ಐಎಸ್ 875ರ ಬೇರೆ ಬೇರೆ ಭಾಗಗಳು ಕಟ್ಟಡಗಳ ಸ್ವಂತ ತೂಕ, ಬಳಕೆಯ ಹೊರೆ ಮತ್ತು ಗಾಳಿಯ ಹೊರೆಗಳನ್ನೂ, ಐಎಸ್ 800 ಉಕ್ಕಿನ ರಚನೆಗಳ ವಿನ್ಯಾಸವನ್ನೂ ವಿವರಿಸುತ್ತವೆ.

ಅಂತರಜಾಲದ ಪಾಠಗಳು

ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಯೋಜನೆಯಲ್ಲಿ ಎಂಜಿನಿಯರಿಂಗ್ ಮೆಕ್ಯಾನಿಕ್ಸ್ ಮತ್ತು ರಚನಾ ವಿಶ್ಲೇಷಣೆಯ ಉಪನ್ಯಾಸಗಳು ಉಚಿತವಾಗಿ ದೊರೆಯುತ್ತವೆ. ಅಮೆರಿಕದ ಎಂಐಟಿಯ ಓಪನ್‌ಕೋರ್ಸ್‌ವೇರ್ ಕೂಡ ಇಂಥದೇ ಉಚಿತ ಸಂಗ್ರಹ. ಉಪನ್ಯಾಸವನ್ನು ನೋಡಿದ ಮಾತ್ರಕ್ಕೆ ಲೆಕ್ಕ ಬರುವುದಿಲ್ಲ. ಬೋಧಕರು ಉತ್ತರ ಬರೆಯುವ ಮುನ್ನವೇ ವಿಡಿಯೊ ನಿಲ್ಲಿಸಿ, ಸ್ವತಃ ಬಿಡಿಸಿ, ಅನಂತರ ಹೋಲಿಸಿ ನೋಡುವವರಿಗೆ ಅವುಗಳಿಂದ ಹೆಚ್ಚಿನ ಪ್ರಯೋಜನ.

ತಂತ್ರಾಂಶಗಳು

ಬ್ರೆಜಿಲ್‌ನಲ್ಲಿ ರೂಪುಗೊಂಡ ಎಫ್‌ಟೂಲ್ ಮತ್ತು ಅಮೆರಿಕದ ಮಾಸ್ಟನ್2 ವಿದ್ಯಾರ್ಥಿಗಳಲ್ಲಿ ಪ್ರಚಲಿತವಾಗಿರುವ ತಂತ್ರಾಂಶಗಳು. ಶಾಲಾ ಮಕ್ಕಳಿಗಾಗಿ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ರಚಿತವಾದ ಸೇತುವೆ ವಿನ್ಯಾಸದ ತಂತ್ರಾಂಶದಲ್ಲಿ ಟ್ರಸ್ ಕಟ್ಟಿ, ಅದರ ಮೇಲೆ ಲಾರಿ ಓಡಿಸಿ ಪರೀಕ್ಷಿಸಬಹುದು. ಹೊಸ ತಂತ್ರಾಂಶವನ್ನು ಬಳಸುವಾಗ ಉತ್ತರ ಗೊತ್ತಿರುವ ಲೆಕ್ಕವೊಂದನ್ನು ಮೊದಲು ಕೊಟ್ಟು ನೋಡುವುದು ಒಳ್ಳೆಯ ಕ್ರಮ. ಮೇಲೆ ವಿವರಿಸಿದ 13 ಸರಳುಗಳ ಟ್ರಸ್ಸಿಗೆ 24, 32 ಮತ್ತು 10 ಎಂಬ ಉತ್ತರಗಳು ಬರದಿದ್ದರೆ ಆಧಾರಗಳನ್ನೋ ಸಂಧಿಗಳನ್ನೋ ತಪ್ಪಾಗಿ ನಮೂದಿಸಿರುವ ಸಂಭವವಿದೆ. ಸಂಧಿಗಳನ್ನು ಕೀಲುಗಳೆಂದು ಸೂಚಿಸದೆ ಬಿಗಿಯಾಗಿಯೇ ಬಿಟ್ಟರೆ ಉತ್ತರಗಳು ತುಸು ಬದಲಾಗುತ್ತವೆ.

ಸಾಮಗ್ರಿಯನ್ನು ಆರಿಸುವ ಬಗೆ

ಒಳ್ಳೆಯ ಅಧ್ಯಯನ ಸಾಮಗ್ರಿಯಲ್ಲಿ ಈ ಲಕ್ಷಣಗಳು ಇರಬೇಕು.

• ಲೆಕ್ಕಕ್ಕೆ ಮುನ್ನ ಊಹೆಗಳನ್ನು ಸ್ಪಷ್ಟವಾಗಿ ಹೇಳಿರುತ್ತದೆ.
• ಪ್ರತಿ ಹಂತದಲ್ಲಿಯೂ ಬಿಡಿಸಿದ ಭಾಗದ ಬಲಗಳ ಚಿತ್ರ ಇರುತ್ತದೆ.
• ಒಂದೇ ಟ್ರಸ್ಸನ್ನು ಎರಡು ವಿಧಾನಗಳಲ್ಲಿ ಬಿಡಿಸಿ ತಾಳೆ ನೋಡಿರುತ್ತದೆ.
• ಉತ್ತರದ ಜೊತೆಗೆ ಅದು ಎಳೆತವೋ ಸಂಪೀಡನವೋ ಎಂಬುದನ್ನು ಬರೆದಿರುತ್ತದೆ.
• ಅಭ್ಯಾಸದ ಲೆಕ್ಕಗಳಿಗೆ ಉತ್ತರಗಳನ್ನು ಕೊಟ್ಟಿರುತ್ತದೆ.
• ಕೀಲು ಸಂಧಿಯ ಊಹೆ ಎಲ್ಲಿ ಸೋಲುತ್ತದೆ ಎಂಬುದನ್ನು ತಿಳಿಸುತ್ತದೆ.

ಉತ್ತರವನ್ನು ನೇರವಾಗಿ ಸೂತ್ರದಿಂದ ತಂದು, ಚಿತ್ರವಿಲ್ಲದೆ ಮುಗಿಸುವ ಪರೀಕ್ಷಾ ಕೈಪಿಡಿಗಳು ಅಂಕಗಳಿಗೆ ನೆರವಾದರೂ ತಿಳಿವಳಿಕೆಗೆ ಸಾಲವು.

ಕನ್ನಡದಲ್ಲಿ ಕಲಿಕೆ

ಎಂಜಿನಿಯರಿಂಗ್ ಶಿಕ್ಷಣವನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಬೋಧಿಸಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2021ರಲ್ಲಿ ಅವಕಾಶ ನೀಡಿತು. ಆದರೂ ಈ ವಿಷಯದ ಪ್ರಮುಖ ಗ್ರಂಥಗಳು ಇಂಗ್ಲಿಷಿನಲ್ಲಿಯೇ ಇವೆ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗೆ ತೊಡಕಾಗುವುದು ಹೆಚ್ಚಾಗಿ ಪರಿಭಾಷೆಯೇ ಹೊರತು ಗಣಿತವಲ್ಲ. ಎಳೆತ, ಸಂಪೀಡನ, ಹೊರೆ, ಆಧಾರ, ಪ್ರತಿಕ್ರಿಯಾಬಲ ಮುಂತಾದ ಹತ್ತಿಪ್ಪತ್ತು ಪದಗಳನ್ನು ಇಂಗ್ಲಿಷ್ ಪದಗಳೊಡನೆ ಹೊಂದಿಸಿ ಪಟ್ಟಿ ಮಾಡಿಕೊಂಡರೆ ಪಠ್ಯಗಳು ಸುಗಮವಾಗುತ್ತವೆ. ಕರಾವಳಿ ಮತ್ತು ಮಲೆನಾಡಿನ ಹಂಚಿನ ಮನೆಗಳಲ್ಲಿ ರೀಪುಗಳ ಹೊರೆ ಪಕ್ಕಾಸುಗಳಿಗೂ, ಪಕ್ಕಾಸುಗಳ ಹೊರೆ ಗೋಡೆಗಳಿಗೂ ಇಳಿಯುವ ಬಗೆಯನ್ನು ಗಮನಿಸುವುದು, ಬಿದಿರಿನ ಕಡ್ಡಿ ಮತ್ತು ದಾರದಿಂದ ಮಾದರಿ ಕಟ್ಟಿ ನೋಡುವುದು ಸಹ ಕಲಿಕೆಗೆ ಸಹಾಯಕ. ಮಾದರಿಯ ಒಂದು ಕಡ್ಡಿಯ ಬದಲಿಗೆ ದಾರ ಕಟ್ಟಿದಾಗ ಟ್ರಸ್ ನಿಂತರೆ ಅಲ್ಲಿರುವುದು ಎಳೆತ. ದಾರ ಸಡಿಲಗೊಂಡು ಟ್ರಸ್ ಕುಸಿದರೆ ಸಂಪೀಡನ.

ಇವನ್ನೂ ನೋಡಿ

• ಸ್ಥಿತಿಶಾಸ್ತ್ರ
• ಸೇತುವೆ
• ಕ್ವಿಬೆಕ್ ಸೇತುವೆ
• ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್